ವಿದ್ಯುತ್ ಕಂಪನಿಗಳ ಹಣ ಮತ್ತು ಸ್ಥಳೀಯ ವನ್ಯಜೀವಿ ಸಂರಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಡಂಚಿನ ಗ್ರಾಮ ಪಂಚಾಯಿತಿಗಳ ಸದಸ್ಯರು, ಹಕ್ಕಿ ವೀಕ್ಷಕರ ಬಳಗಗಳು, ಶಾಲೆಗಳ ಇಕೋ ಕ್ಲಬ್ ನಡೆಸುವ ಶಿಕ್ಷಕರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಂದಿಗೆ ಕೊಡಲಾಗಿದೆ. ಭಾರತದ ಕಾನೂನು ಮತ್ತು ಇಲ್ಲಿನ ಅನುಭವಗಳೇ ಈ ಉತ್ತರಗಳಿಗೆ ಆಧಾರ. ಕರ್ನಾಟಕಕ್ಕೆ ನೇರವಾಗಿ ತಾಗುವ ಸಂಗತಿಗಳನ್ನು ತುಸು ವಿವರವಾಗಿ ಬರೆಯಲಾಗಿದೆ.

ವಿದ್ಯುತ್ ಕಂಪನಿಗೂ ವನ್ಯಜೀವಿಗೂ ಏನು ಸಂಬಂಧ?

ವಿದ್ಯುತ್ ಉತ್ಪಾದನೆ, ಸಾಗಣೆ, ವಿತರಣೆ ಈ ಮೂರೂ ಹಂತಗಳಲ್ಲಿ ಕಂಪನಿಗಳು ಕಾಡು, ನದಿ, ಹುಲ್ಲುಗಾವಲುಗಳನ್ನು ಬಳಸಿಕೊಳ್ಳುತ್ತವೆ. ಅಣೆಕಟ್ಟು ಕಟ್ಟಿದರೆ ಮೀನಿನ ದಾರಿ ಮುಚ್ಚುತ್ತದೆ; ಪ್ರಸರಣ ಮಾರ್ಗ ಎಳೆದರೆ ಕಾಡಿನ ನಡುವೆ ಉದ್ದಕ್ಕೂ ಮರ ಕಡಿದ ಪಟ್ಟಿಯೊಂದು ಉಳಿದುಬಿಡುತ್ತದೆ; 11 ಕೆವಿ ಮಾರ್ಗದ ಕಂಬಗಳ ಮೇಲೆ ನವಿಲು, ಬಾವಲಿ, ಮುಸುವಗಳು ಸಾಯುವುದು ಮಲೆನಾಡಿನಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಆದ್ದರಿಂದ ಸಂರಕ್ಷಣೆಗೆ ಈ ಕಂಪನಿಗಳು ಕೊಡುವ ಹಣವನ್ನು ಬಟ್ಟೆ ಗಿರಣಿಯೋ ಸಾಫ್ಟ್‌ವೇರ್ ಸಂಸ್ಥೆಯೋ ಕೊಡುವ ದೇಣಿಗೆಯಂತೆ ನೋಡಲಾಗದು. ಹಣ ಕೊಡುವವರೇ ಸಮಸ್ಯೆಯ ಒಂದು ಭಾಗವೂ ಆಗಿರುತ್ತಾರೆ, ಹಲವು ವೇಳೆ ಪರಿಹಾರದ ಕೀಲಿಯೂ ಅವರ ಕೈಯಲ್ಲೇ ಇರುತ್ತದೆ.

ಕಂಪನಿಗಳು ಕೊಡುವ ಹಣವೆಲ್ಲ ದೇಣಿಗೆಯೇ?

ಅಲ್ಲ. ಈ ಒಂದು ಗೊಂದಲವನ್ನು ಬಿಡಿಸಿಕೊಂಡರೆ ಉಳಿದ ಪ್ರಶ್ನೆಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಗೆಹರಿಯುತ್ತವೆ. ಒಂದೇ ಕಂಪನಿಯಿಂದ ಮೂರು ಬೇರೆ ಬೇರೆ ಬಗೆಯ ಹಣ ಹೊರಬರುತ್ತದೆ.

ಮೊದಲನೆಯದು ಕಾನೂನಿನ ಪ್ರಕಾರ ತೆರಲೇಬೇಕಾದ ಪರಿಹಾರ. ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಅನುಮತಿ ಪಡೆದ ಕಂಪನಿಯು ಪರಿಹಾರಾತ್ಮಕ ಅರಣ್ಯೀಕರಣದ ವೆಚ್ಚವನ್ನೂ ಆ ಕಾಡಿನ ನಿವ್ವಳ ಪ್ರಸ್ತುತ ಮೌಲ್ಯವನ್ನೂ, ಅಂದರೆ ಕಾಡು ಮುಂದೆ ಕೊಡಬಹುದಾಗಿದ್ದ ಪ್ರಯೋಜನಗಳ ಇಂದಿನ ಬೆಲೆಯನ್ನೂ, ಕಟ್ಟಬೇಕು. ಈ ಹಣ ಕ್ಯಾಂಪಾ ನಿಧಿಗೆ, ಅಂದರೆ ಪರಿಹಾರಾತ್ಮಕ ಅರಣ್ಯೀಕರಣಕ್ಕೆಂದೇ ಇರುವ ಸರ್ಕಾರಿ ನಿಧಿಗೆ, ಹೋಗುತ್ತದೆ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಂತೆ ಅದರ ಶೇ 90ರಷ್ಟು ರಾಜ್ಯದ ನಿಧಿಗೆ, ಶೇ 10ರಷ್ಟು ರಾಷ್ಟ್ರೀಯ ನಿಧಿಗೆ ಸೇರುತ್ತದೆ. ಎರಡನೆಯದು ಯೋಜನೆಯ ಅನುಮತಿಯಲ್ಲೇ ವಿಧಿಸಿದ ಷರತ್ತುಗಳನ್ನು ಪಾಲಿಸಲು ಮಾಡುವ ಖರ್ಚು: ಗೋಪುರಗಳ ಎತ್ತರ ಹೆಚ್ಚಿಸುವುದು, ತಂತಿಗೆ ಹಕ್ಕಿಗಳನ್ನು ಎಚ್ಚರಿಸುವ ಬರ್ಡ್ ಡೈವರ್ಟರ್ ತೂಗುಹಾಕುವುದು ಇತ್ಯಾದಿ. ಮೂರನೆಯದು ಮಾತ್ರ ಕಂಪನಿಯು ತಾನೇ ಆಯ್ದುಕೊಂಡ ಕೆಲಸಕ್ಕೆ ಲಾಭದಿಂದ ಕೊಡುವ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ.

ಸಮಾರಂಭಗಳ ಬ್ಯಾನರ್‌ಗಳಲ್ಲಿ ಈ ಮೂರನ್ನೂ ಒಟ್ಟು ಸೇರಿಸಿ ಪರಿಸರಕ್ಕೆ ನಮ್ಮ ಕೊಡುಗೆ ಎಂದು ಬರೆಯುವುದು ವಾಡಿಕೆ. ಹಣ ಯಾವ ಬಗೆಯದು ಎಂದು ಕೇಳಿ ತಿಳಿಯುವುದು ಒರಟುತನವಲ್ಲ. ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಸಿಎಸ್‌ಆರ್ ಬಗ್ಗೆ ಕಾನೂನು ಏನು ಹೇಳುತ್ತದೆ?

ಕಂಪನಿಗಳ ಕಾಯ್ದೆ, 2013ರ 135ನೇ ಸೆಕ್ಷನ್‌ನಂತೆ, ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ಅಥವಾ ಹೆಚ್ಚಿನ ನಿವ್ವಳ ಆಸ್ತಿ, 1,000 ಕೋಟಿ ಅಥವಾ ಹೆಚ್ಚಿನ ವಹಿವಾಟು, ಇಲ್ಲವೇ 5 ಕೋಟಿ ಅಥವಾ ಹೆಚ್ಚಿನ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೂ ಒಂದಿದ್ದ ಕಂಪನಿಯು, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ವ್ಯಯಿಸಬೇಕು. ಯಾವ ಕೆಲಸಗಳಿಗೆ ಎಂಬುದನ್ನು ಕಾಯ್ದೆಯ ಏಳನೇ ಅನುಸೂಚಿ ತಿಳಿಸುತ್ತದೆ. ಸಸ್ಯ ಮತ್ತು ಪ್ರಾಣಿ ಸಂಕುಲದ ರಕ್ಷಣೆ, ಪರಿಸರ ಸಮತೋಲನ ಅದರಲ್ಲಿ ಸ್ಪಷ್ಟವಾಗಿ ಸೇರಿವೆ. ಕಂಪನಿ ಕಾರ್ಯನಿರ್ವಹಿಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ನಿಮ್ಮ ಊರಿನ ಪಕ್ಕದಲ್ಲೇ ಉತ್ಪಾದನಾ ಘಟಕವಿದ್ದರೆ ಅರ್ಜಿಯಲ್ಲಿ ಈ ಮಾತನ್ನು ಉಲ್ಲೇಖಿಸುವುದು ಒಳ್ಳೆಯದು.

ಲಾಭವೇ ಇಲ್ಲದ ವಿತರಣಾ ಕಂಪನಿಯಿಂದ ಈ ಲೆಕ್ಕದಲ್ಲಿ ಏನೂ ಹುಟ್ಟುವುದಿಲ್ಲ. ಹಾಗಾಗಿ ಎಸ್ಕಾಂ (ರಾಜ್ಯದ ವಿದ್ಯುತ್ ವಿತರಣಾ ಕಂಪನಿ) ಕಚೇರಿಗೆ ಸಿಎಸ್‌ಆರ್ ಅರ್ಜಿ ಹಿಡಿದು ಅಲೆಯುವ ಮೊದಲು ಆ ಕಂಪನಿಯ ವಾರ್ಷಿಕ ವರದಿಯನ್ನು ಒಮ್ಮೆ ತೆರೆದು ನೋಡಿ.

ಕಟ್ಟಲೇಬೇಕಾದ ಪರಿಹಾರವನ್ನು ಸಿಎಸ್‌ಆರ್ ಲೆಕ್ಕದಲ್ಲಿ ತೋರಿಸಬಹುದೇ?

ತೋರಿಸುವಂತಿಲ್ಲ. 2021ರಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳು, ಬೇರೆ ಯಾವುದೇ ಕಾನೂನಿನ ಬಾಧ್ಯತೆಯನ್ನು ಪೂರೈಸಲು ಮಾಡಿದ ಕೆಲಸ ಸಿಎಸ್‌ಆರ್ ಆಗುವುದಿಲ್ಲ ಎಂದು ನೇರವಾಗಿಯೇ ಹೇಳುತ್ತವೆ. ಕಂಪನಿಯ ದೈನಂದಿನ ವ್ಯವಹಾರದ ಭಾಗವಾದ ಕೆಲಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಉದಾಹರಣೆಗೆ, ಜೋತುಬಿದ್ದ ತಂತಿಯನ್ನು ಎಳೆದು ಬಿಗಿ ಮಾಡುವುದು ಕಂಪನಿಯ ಕರ್ತವ್ಯ. ಅದರಿಂದ ಆನೆಯೊಂದು ಉಳಿಯಿತೆಂದು ಅದನ್ನು ಔದಾರ್ಯವೆಂದು ಬಣ್ಣಿಸುವುದು ಸರಿಯಲ್ಲ.

ಈ ಹಣ ಕೊನೆಗೆ ನಮ್ಮ ಕರೆಂಟ್ ಬಿಲ್‌ನಿಂದಲೇ ಬರುತ್ತದೆಯೇ?

ಸಿಎಸ್‌ಆರ್ ಹಣ ಕಂಪನಿಯ ಲಾಭದಿಂದ ಬರಬೇಕಾದದ್ದು. ಆದಾಯ ತೆರಿಗೆಯ ಲೆಕ್ಕದಲ್ಲೂ ಅದನ್ನು ವ್ಯವಹಾರದ ಖರ್ಚೆಂದು ಕಳೆಯಲು ಅವಕಾಶವಿಲ್ಲ. ಯೋಜನೆಯ ವೆಚ್ಚದಲ್ಲೇ ಸೇರಿಹೋದ ಷರತ್ತಿನ ಕೆಲಸಗಳ ಕಥೆ ಬೇರೆ. ವಿದ್ಯುತ್ ನಿಯಂತ್ರಣ ಆಯೋಗ ಒಪ್ಪಿದರೆ ಅವು ಬಂಡವಾಳ ವೆಚ್ಚದ ಭಾಗವಾಗಿ ದರದೊಳಗೆ ಸೇರಬಹುದು.

ಗ್ರಾಹಕರ ಹಣವನ್ನು ಮುಚ್ಚುಮರೆಯಿಲ್ಲದೆ ಸಂರಕ್ಷಣೆಗೆ ಬಳಸುವ ಏರ್ಪಾಟು ಅಮೆರಿಕದ ವಾಯುವ್ಯ ಭಾಗದಲ್ಲಿದೆ. ಕೊಲಂಬಿಯಾ ನದಿ ಜಲಾನಯನದ ಒಕ್ಕೂಟ ಸರ್ಕಾರದ ಅಣೆಕಟ್ಟುಗಳ ವಿದ್ಯುತ್ತನ್ನು ಮಾರುವ ಬಾನ್‌ವಿಲ್ ಪವರ್ ಅಡ್ಮಿನಿಸ್ಟ್ರೇಷನ್, 1980ರ ಕಾಯ್ದೆಯೊಂದರ ಅನ್ವಯ, ಆ ಅಣೆಕಟ್ಟುಗಳಿಂದ ಸಾಲ್ಮನ್ ಮುಂತಾದ ಮೀನುಗಳಿಗೂ ವನ್ಯಜೀವಿಗಳಿಗೂ ಆದ ನಷ್ಟವನ್ನು ತುಂಬಿಕೊಡುವ ಕಾರ್ಯಕ್ರಮಕ್ಕೆ ವಿದ್ಯುತ್ ಮಾರಾಟದ ಆದಾಯದಿಂದಲೇ ಹಣ ಕೊಡುತ್ತದೆ. ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳು ಮತ್ತು ರಾಜ್ಯಗಳ ಮೀನುಗಾರಿಕಾ ಇಲಾಖೆಗಳು ಈ ಹಣದಿಂದ ಕೆಲಸ ನಡೆಸುತ್ತವೆ. ಅಲ್ಲಿ ಯಾರೂ ಇದನ್ನು ದಾನವೆಂದು ಕರೆಯುವುದಿಲ್ಲ, ಇದು ನದಿಯನ್ನು ಬಳಸಿಕೊಂಡದ್ದರ ಖರ್ಚು.

ನಮ್ಮ ದೇಶದಲ್ಲಿ ಬಹುಕಾಲ ನಡೆದ ಉದಾಹರಣೆ ಯಾವುದು?

ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ಪವರ್ ನಡೆಸುತ್ತಿರುವ ಮಹಶೀರ್ ಮೀನಿನ ಮರಿ ಉತ್ಪಾದನಾ ಕೇಂದ್ರವನ್ನು ಮೊದಲು ಹೆಸರಿಸಬೇಕು. ಮುಂಬಯಿಗೆ ಜಲವಿದ್ಯುತ್ ಒದಗಿಸಲು ಟಾಟಾ ಸಂಸ್ಥೆ ಕಳೆದ ಶತಮಾನದ ಆರಂಭದಲ್ಲೇ ಸಹ್ಯಾದ್ರಿಯಲ್ಲಿ ವಾಲ್ವಣ್, ಲೋನಾವಳ, ಶಿರವಟಾ, ಮುಳಶಿ ಮುಂತಾದ ಕೆರೆಗಳನ್ನು ಕಟ್ಟಿತು. ಖೋಪೋಲಿಯ ವಿದ್ಯುದಾಗಾರ 1915ರಷ್ಟು ಹಳೆಯದು. ಆ ನದಿಗಳ ಮಹಶೀರ್ ಕಡಿಮೆಯಾಗುತ್ತಿರುವುದು ಕಂಡು, 1970ರ ದಶಕದಲ್ಲಿ ವಾಲ್ವಣ್ ಕೆರೆಯ ಬಳಿ ಮರಿ ಉತ್ಪಾದನೆ ಆರಂಭವಾಯಿತು.

ಕೆಲಸದ ಬಗೆ ಹೀಗಿದೆ. ಮೊಟ್ಟೆ ಹಣ್ಣಾದ ಹೆಣ್ಣು ಮೀನಿನ ಹೊಟ್ಟೆಯನ್ನು ಮೃದುವಾಗಿ ಒತ್ತಿ ಮೊಟ್ಟೆಗಳನ್ನು ಒಣ ಬೋಗುಣಿಗೆ ಇಳಿಸುತ್ತಾರೆ, ಗಂಡು ಮೀನಿನ ವೀರ್ಯವನ್ನು ಅದಕ್ಕೆ ಬೆರೆಸುತ್ತಾರೆ, ಬಳಿಕ ಹರಿಯುವ ನೀರಿನ ತಟ್ಟೆಗಳಲ್ಲಿ ಹರಡುತ್ತಾರೆ. ಹಳದಿ ಬಣ್ಣದ ಈ ಮೊಟ್ಟೆಗಳು ನೀರಿನಲ್ಲಿ ತೇಲದೆ ತಳ ಹಿಡಿಯುತ್ತವೆ. ಆದ್ದರಿಂದಲೇ ಹೂಳು ತುಂಬಿದ ನದಿಯಲ್ಲಿ ಅವು ಬದುಕುವುದು ಕಷ್ಟ, ಶುದ್ಧ ನೀರು ಸದಾ ಹರಿಯುವ ತಟ್ಟೆಯಲ್ಲಿ ಸುಲಭ. ಹೀಗೆ ಬೆಳೆಸಿದ ಮರಿಗಳನ್ನು ಹಲವು ರಾಜ್ಯಗಳ ಮೀನುಗಾರಿಕಾ ಇಲಾಖೆಗಳಿಗೂ ಸಂಘಗಳಿಗೂ ದಶಕಗಳ ಕಾಲ ಕೊಡಲಾಯಿತು. ನೀಲಿ ರೆಕ್ಕೆಯ ಮಹಶೀರ್, ಅಂದರೆ ಟಾರ್ ಖುದ್ರೀ, ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪುಪಟ್ಟಿಯ ಅಪಾಯದಂಚಿನ ವರ್ಗದಿಂದ 2018ರಲ್ಲಿ ಕಡಿಮೆ ಕಾಳಜಿಯ ವರ್ಗಕ್ಕೆ ಬಂತು. ಖಾಸಗಿ ವಿದ್ಯುತ್ ಕಂಪನಿಯೊಂದು ಇಷ್ಟು ದೀರ್ಘ ಕಾಲ ಒಂದೇ ಜೀವಿಯ ಬೆನ್ನಿಗೆ ನಿಂತ ಉದಾಹರಣೆ ನಮ್ಮಲ್ಲಿ ವಿರಳ.

ಆ ಮರಿಗಳು ಕಾವೇರಿಗೂ ಬಂದವಂತೆ. ಅದರಿಂದ ಒಳ್ಳೆಯದಾಯಿತೇ?

ಬಂದದ್ದು ನಿಜ. ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಗಾಳದ ಮೀನುಗಾರಿಕೆಯನ್ನೂ ಕಾವಲನ್ನೂ ನೋಡಿಕೊಳ್ಳುತ್ತಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ, ಅಂದರೆ ವಾಸಿ, 1970ರ ದಶಕದಿಂದ ಲೋನಾವಳದ ಮರಿಗಳನ್ನು ತರಿಸಿ ನದಿಗೆ ಬಿಟ್ಟಿತು. ಸಂಘದ ಕಾವಲುಗಾರರಿಂದಾಗಿ ಆ ಭಾಗದಲ್ಲಿ ಡೈನಮೈಟ್ ಸಿಡಿಸಿ ಮೀನು ಹಿಡಿಯುವ ಹಾವಳಿಗೆ ತಡೆ ಬಿತ್ತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿಯ ಶಿಬಿರಗಳಲ್ಲಿ ಸುತ್ತಲಿನ ಹಳ್ಳಿಗಳ ಯುವಕರಿಗೆ ಮಾರ್ಗದರ್ಶಿಗಳಾಗಿ ಕೆಲಸವೂ ಸಿಕ್ಕಿತು. ಪಾಲುದಾರಿಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ ಎಂದು ಆಗ ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಕಾವೇರಿಗೆ ತನ್ನದೇ ಆದ ಮಹಶೀರ್ ಇತ್ತು. ಕಿತ್ತಳೆ ರೆಕ್ಕೆಯ, ಬೆನ್ನು ಉಬ್ಬಿದ ಆ ದೈತ್ಯ ಮೀನು ಕಾವೇರಿ ಜಲಾನಯನ ಬಿಟ್ಟರೆ ಬೇರೆಲ್ಲೂ ಸ್ವಾಭಾವಿಕವಾಗಿ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಗಾಳಕ್ಕೆ ಹಿಡಿದ ಮೀನು 120 ಪೌಂಡ್, ಅಂದರೆ 54 ಕಿಲೋಗ್ರಾಂಗೂ ಹೆಚ್ಚು ತೂಗಿತ್ತು. ಟಾರ್ ಖುದ್ರೀ ಕಾವೇರಿಯದಲ್ಲ, ಕೃಷ್ಣಾ ಕೊಳ್ಳದ ನದಿಗಳದು. ಗಾಳಿಬೋರೆ ಶಿಬಿರದಲ್ಲಿ ಗಾಳ ಹಾಕುವವರು ಹಿಡಿದು ಬಿಟ್ಟ ಪ್ರತಿ ಮೀನಿನ ಬಗೆ ಮತ್ತು ತೂಕವನ್ನು ದಿನಚರಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಬರಹಗಳನ್ನು ಸಂಶೋಧಕರು ಪರಿಶೀಲಿಸಿದಾಗ ಚಿತ್ರ ಸ್ಪಷ್ಟವಾಯಿತು: ನೀಲಿ ರೆಕ್ಕೆಯ ಮೀನು ಏರುತ್ತಲೇ ಹೋಗಿತ್ತು, ಸ್ಥಳೀಯ ಮೀನು ಕುಸಿದಿತ್ತು. ಹಿಡಿದ ಕೆಲವೇ ಸ್ಥಳೀಯ ಮೀನುಗಳು ವರ್ಷದಿಂದ ವರ್ಷಕ್ಕೆ ದೊಡ್ಡವಾಗುತ್ತಿದ್ದವು. ಮೇಲ್ನೋಟಕ್ಕೆ ಶುಭಸೂಚನೆಯಂತೆ ಕಂಡರೂ ಅದರ ಅರ್ಥ ಬೇರೆಯಿತ್ತು. ಮುದಿ ಮೀನುಗಳಷ್ಟೇ ಉಳಿದಿದ್ದವು, ಹೊಸ ಪೀಳಿಗೆ ಬರುತ್ತಿರಲಿಲ್ಲ. ಆ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿಯೈ, ಗೊತ್ತಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಂಚಿನ ಪಟ್ಟಿಗೆ ಸೇರಿತು.

ಅಣೆಕಟ್ಟು, ಮರಳುಗಾರಿಕೆ, ಸ್ಫೋಟಕ ಬಳಸಿ ಮೀನು ಹಿಡಿಯುವುದು ಇವೆಲ್ಲವೂ ಈ ಕುಸಿತಕ್ಕೆ ಕಾರಣವೇ ಆಗಿರುವುದರಿಂದ ಪೂರ್ತಿ ಹೊಣೆಯನ್ನು ಹೊರಗಿನ ಮರಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಕೆಟ್ಟ ಉದ್ದೇಶ ಇಲ್ಲಿ ಯಾರದೂ ಇರಲಿಲ್ಲ. ಹಣವಿತ್ತು, ತಂತ್ರಜ್ಞಾನವಿತ್ತು, ಸ್ಥಳೀಯ ಪಾಲುದಾರರೂ ಇದ್ದರು. ನದಿಯಲ್ಲಿ ಆಗಲೇ ಯಾವ ಮೀನಿದೆ ಎಂಬ ಸಮೀಕ್ಷೆಯೊಂದು ಮಾತ್ರ ಇರಲಿಲ್ಲ. ಯಾವುದೇ ಕಂಪನಿಯೊಡನೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಪ್ರಕರಣವನ್ನು ಓದಿಕೊಳ್ಳುವುದು ಉತ್ತಮ.

ಹಾಗಾದರೆ ಮೀನಿನ ಮರಿ ಬಿಡುವುದು, ಸಸಿ ನೆಡುವುದು ತಪ್ಪೇ?

ತಪ್ಪಲ್ಲ, ಆದರೆ ಎಣಿಸಿ ತೋರಿಸಲು ಸುಲಭವಾದ ಕೆಲಸಕ್ಕೇ ಹಣ ಹರಿಯುವ ಸ್ವಭಾವವಿದೆ ಎಂಬುದನ್ನು ಮರೆಯಬಾರದು. ಶಿಶಿಲದ ಕಪಿಲಾ ನದಿಯಲ್ಲಿ, ಶೃಂಗೇರಿಯ ತುಂಗೆಯಲ್ಲಿ ದೇವರ ಮೀನುಗಳು ಉಳಿದದ್ದು ಮರಿ ತಂದು ಬಿಟ್ಟಿದ್ದರಿಂದಲ್ಲ, ಅಲ್ಲಿ ಯಾರೂ ಹಿಡಿಯಬಾರದೆಂಬ ಕಟ್ಟುಪಾಡಿನಿಂದ. ಹುಲ್ಲುಗಾವಲಿನಲ್ಲಿ ಸಸಿ ನೆಟ್ಟರೆ ಹುಲ್ಲುಗಾವಲಿನ ಹಕ್ಕಿಗೆ ನೆಲೆಯೇ ತಪ್ಪುತ್ತದೆ.

ಕಂಪನಿಯ ಹಣ ಯಾರ ಕೈಗೆ ಬರುತ್ತದೆ?

ಹಲವು ದಾರಿಗಳಿವೆ. ಹುಲಿ ಸಂರಕ್ಷಿತ ಪ್ರದೇಶಗಳಿಗೆ, ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಸೇರಿಸಿದ 38ಎಕ್ಸ್ ಸೆಕ್ಷನ್‌ನಂತೆ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿವೆ. ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಆರ್‌ಟಿ (ಬಿಳಿಗಿರಿರಂಗನ ಬೆಟ್ಟ) ಇವು ಕರ್ನಾಟಕದ ಐದು ಹುಲಿ ಸಂರಕ್ಷಿತ ಪ್ರದೇಶಗಳು. ಪ್ರತಿಷ್ಠಾನವು ದೇಣಿಗೆ ಸ್ವೀಕರಿಸಿ ಅದೇ ಕಾಡಿನ ಮತ್ತು ಅದರಂಚಿನ ಜನರ ಕೆಲಸಗಳಿಗೆ ಬಳಸಬಹುದು. ಸಂರಕ್ಷಿತ ಪ್ರದೇಶದ ಹೊರಗೆ, ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ. ಬಹುತೇಕ ಕಡೆ ಇವು ಹೆಸರಿಗಷ್ಟೇ ಉಳಿದಿವೆಯಾದರೂ, ಎಚ್ಚರವಾಗಿರುವ ಪಂಚಾಯಿತಿಗೆ ಇದು ಒಳ್ಳೆಯ ಸಾಧನ. ಸ್ವಯಂಸೇವಾ ಸಂಸ್ಥೆಗಳ ಮೂಲಕವೂ ಕಂಪನಿ ಕೆಲಸ ಮಾಡಿಸಬಹುದು. ಕೆಲವೊಮ್ಮೆ ಸಾರ್ವಜನಿಕ ವಲಯದ ಕಂಪನಿ ನೇರವಾಗಿ ಅರಣ್ಯ ಇಲಾಖೆಯೊಡನೆ ಒಪ್ಪಂದ ಮಾಡಿಕೊಳ್ಳುತ್ತದೆ. ಆಂಧ್ರಪ್ರದೇಶದ ಕರಾವಳಿಯಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳ ಮೊಟ್ಟೆಗಳನ್ನು ಕಾಪಾಡುವ ಕೆಲಸಕ್ಕೆ ಎನ್‌ಟಿಪಿಸಿ ಹಣ ಕೊಟ್ಟದ್ದು ಹೀಗೆಯೇ. ಮೀನುಗಾರ ಹಳ್ಳಿಗಳ ಜನ ಅದರಲ್ಲಿ ಪಾಲ್ಗೊಂಡರು.

ಆನೆಗಳ ವಿಷಯದಲ್ಲಿ ಹಣಕ್ಕಿಂತ ಮುಖ್ಯವಾದದ್ದು ಏನು?

ಲೈನ್‌ಮನ್ ಮತ್ತು ಅರಣ್ಯ ರಕ್ಷಕ ಒಟ್ಟಿಗೆ ನಡೆಯುವುದು. 2019–20ರಿಂದ 2023–24ರವರೆಗಿನ ಐದು ವರ್ಷಗಳಲ್ಲಿ ದೇಶದಲ್ಲಿ 528 ಆನೆಗಳು ಅಸ್ವಾಭಾವಿಕ ಕಾರಣಗಳಿಂದ ಸತ್ತವು, ಅವುಗಳಲ್ಲಿ 392 ವಿದ್ಯುತ್ ಸ್ಪರ್ಶದಿಂದ ಸತ್ತವು ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ರೈಲು, ಬೇಟೆ, ವಿಷ ಇವೆಲ್ಲ ಸೇರಿದರೂ ಕರೆಂಟಿಗೆ ಸಮವಾಗುವುದಿಲ್ಲ.

ಈ ಸಾವುಗಳಲ್ಲಿ ಎರಡು ಬಗೆಗಳಿವೆ. ಒಂದು, ಕಾಫಿ ತೋಟದಲ್ಲೋ ಗದ್ದೆಯ ಬದುವಿನಲ್ಲೋ ಕಂಬ ವಾಲಿ ತಂತಿ ಜೋತುಬಿದ್ದಿರುತ್ತದೆ, ಆನೆಯ ಸೊಂಡಿಲೋ ಬೆನ್ನೋ ಅದಕ್ಕೆ ತಾಗುತ್ತದೆ. ಇನ್ನೊಂದು, ಬೆಳೆ ಉಳಿಸಿಕೊಳ್ಳಲು ಬೇಲಿಗೆ ಕಂಬದಿಂದ ನೇರವಾಗಿ ಕರೆಂಟ್ ಕೊಟ್ಟಿರುತ್ತಾರೆ. ಸರಿಯಾದ ಐಬೆಕ್ಸ್ ಅಥವಾ ಸೋಲಾರ್ ಬೇಲಿ ಕ್ಷಣಮಾತ್ರದ ಮಿಡಿತಗಳಲ್ಲಿ ವಿದ್ಯುತ್ ಹರಿಸಿ ಆನೆಯನ್ನು ಬೆದರಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಮನೆಯ ಮಾರ್ಗದಿಂದಲೋ ಟಿ.ಸಿ.ಯಿಂದಲೋ (ಟ್ರಾನ್ಸ್‌ಫಾರ್ಮರ್) ಎಳೆದ ತಂತಿಗೆ ಆನೆ, ಹಸು, ಕೊನೆಗೆ ತೋಟದ ಯಜಮಾನ ಎಲ್ಲರೂ ಒಂದೇ. ಮೊದಲನೆಯ ಬಗೆಗೆ ಎರಡು ಇಲಾಖೆಗಳ ಜಂಟಿ ತಪಾಸಣೆ, ನಡುವೆ ಹೆಚ್ಚುವರಿ ಕಂಬ, ಕಾಡಿನೊಳಗೆ ಬರಿ ತಂತಿಯ ಬದಲು ಹೊದಿಕೆಯ ಕೇಬಲ್ ಬೇಕು. ಎರಡನೆಯದಕ್ಕೆ ರೈತನಿಗೆ ಕೈಗೆಟಕುವ ಬೆಲೆಯಲ್ಲಿ ಸರಿಯಾದ ಬೇಲಿ, ಬೆಳೆ ಪರಿಹಾರ ವಿಳಂಬವಿಲ್ಲದೆ ಸಿಗುವ ವ್ಯವಸ್ಥೆ ಬೇಕು. ಸಿಎಸ್‌ಆರ್ ಹಣಕ್ಕೆ ನಿಜವಾದ ಜಾಗವಿರುವುದು ಇಲ್ಲಿ ಎಂಬುದು ನಮ್ಮ ಅಭಿಪ್ರಾಯ. ಆದರೂ ಆನೆಯ ಚಿತ್ರವಿರುವ ಸ್ವಾಗತ ಕಮಾನಿಗೆ ಸುಲಭವಾಗಿ ಸಿಗುವ ಮಂಜೂರಾತಿ ಬೇಲಿಯ ನಿರ್ವಹಣೆಗೆ ಸಿಗುವುದಿಲ್ಲ. ಬ್ಯಾಟರಿ ಬದಲಿಸದ, ಬಳ್ಳಿ ಹಬ್ಬಿದ ಸೋಲಾರ್ ಬೇಲಿಯನ್ನು ಆನೆ ವಾರದೊಳಗೆ ಗುರುತಿಸುತ್ತದೆ.

ಎರೆಭೂತ ಹಕ್ಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನು?

ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಭಾರವಾದ ಹಕ್ಕಿ. ಮುಂದಿನದನ್ನು ನೋಡುವ ದೃಷ್ಟಿ ಅದಕ್ಕೆ ಕಡಿಮೆ. ತಂತಿ ಕಂಡ ಕ್ಷಣದಲ್ಲಿ ಹೊರಳಲು ಆಗದೆ ಢಿಕ್ಕಿ ಹೊಡೆಯುತ್ತದೆ. ಥಾರ್ ಮರುಭೂಮಿಯ ಸುಮಾರು 4,200 ಚದರ ಕಿಲೋಮೀಟರ್ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 84,000 ಹಕ್ಕಿಗಳು ತಂತಿಗಳಿಂದ ಸಾಯುತ್ತವೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜಿಸಿತ್ತು. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯ ಹಕ್ಕಿಗಳಷ್ಟೇ ಕಾಣಿಸಿಕೊಂಡಿವೆ.

2021ರ ಏಪ್ರಿಲ್‌ನಲ್ಲಿ ನ್ಯಾಯಾಲಯ ರಾಜಸ್ಥಾನ ಮತ್ತು ಗುಜರಾತಿನ ಆವಾಸಗಳಲ್ಲಿ ತಂತಿಗಳನ್ನು ಸಾಧ್ಯವಿರುವೆಡೆ ನೆಲದಡಿಗೆ ಇಳಿಸಲು ಆದೇಶಿಸಿತು. ಅದರ ವೆಚ್ಚಕ್ಕೆ ಕ್ಯಾಂಪಾ, ಸಿಎಸ್‌ಆರ್, ದರದ ಮೂಲಕ ವಸೂಲಿ ಇವೆಲ್ಲವನ್ನೂ ಆದೇಶ ಪ್ರಸ್ತಾಪಿಸಿತ್ತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ವಿಷಯ ಒಪ್ಪಿಸಲಾಯಿತು. 2025ರ ಡಿಸೆಂಬರ್‌ನಲ್ಲಿ ಸಮಿತಿಯ ಶಿಫಾರಸುಗಳನ್ನು ಒಪ್ಪಿದ ತೀರ್ಪು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯಲ್ಲಿ ಪರಿಸರದ ಹೊಣೆಗಾರಿಕೆಯೂ ಸಹಜವಾಗಿಯೇ ಅಡಕವಾಗಿದೆ ಎಂದಿತು.

ಹಣವಿಲ್ಲದೆಯೂ ಕಂಪನಿ ನೆರವಾಗಬಹುದೇ?

ಆಗಬಹುದು. ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದ ಸುತ್ತ ಜನವಸತಿಯಿಲ್ಲದ ದಟ್ಟ ಕಾಡಿದೆ. ಭಾರತೀಯ ಅಣುವಿದ್ಯುತ್ ನಿಗಮದ ಪರಿಸರ ಪಾಲನಾ ಕಾರ್ಯಕ್ರಮದಡಿ ಅಲ್ಲಿನ ಸಿಬ್ಬಂದಿ ಹಕ್ಕಿ, ಚಿಟ್ಟೆಗಳನ್ನು ದಾಖಲಿಸುತ್ತಾರೆ. ಕೈಗಾ ಬರ್ಡ್ ಮ್ಯಾರಥಾನ್‌ಗೆ ಹೊರಗಿನ ವೀಕ್ಷಕರೂ ಬರುತ್ತಾರೆ. ಹೊರಗಿನವರಿಗೆ ಸುಲಭವಾಗಿ ತೆರೆಯದ ಪ್ರದೇಶದ ಮಾಹಿತಿ ಹೀಗೆ ಸಿಗುತ್ತದೆ.

ನಮ್ಮ ಸಂಘ ಅರ್ಜಿ ಹಾಕುವುದು ಹೇಗೆ?

ಸಂಘವು ನೋಂದಾಯಿತವಾಗಿದ್ದು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್–1 ನಮೂನೆ ಸಲ್ಲಿಸಿ ಸಂಖ್ಯೆ ಪಡೆದಿರಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಬಹುವರ್ಷದ ಕೆಲಸವಾದರೆ ಅದನ್ನು ಆರಂಭದಲ್ಲೇ ಮುಂದುವರಿಯುವ ಯೋಜನೆಯೆಂದು ದಾಖಲಿಸುವಂತೆ ಕೇಳಿ. ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳವರೆಗೆ ಅದಕ್ಕೆ ಅವಕಾಶವಿದೆ. ಇಲ್ಲವಾದರೆ ಮಾರ್ಚ್ ತಿಂಗಳಿನಲ್ಲಿ ಹಣ ಬಂದು, ಅದೇ ತಿಂಗಳ ಕೊನೆಯೊಳಗೆ ಖರ್ಚು ತೋರಿಸಿ ಎಂಬ ಒತ್ತಡ ಬರುತ್ತದೆ. ಕಪ್ಪೆ ಗಣತಿ ಮಳೆಗಾಲಕ್ಕೆ ಕಾಯುತ್ತದೆ, ಹಣಕಾಸು ವರ್ಷ ಕಾಯುವುದಿಲ್ಲ.

ಅರ್ಜಿಯಲ್ಲಿ ಸಾಮಾನ್ಯ ಮಾತುಗಳನ್ನು ಬಿಟ್ಟು, ಯಾವ ಜೀವಿ, ಯಾವ ಸರ್ವೆ ನಂಬರಿನ ಜಾಗ, ಈಗಿನ ಸ್ಥಿತಿ ಏನು, ಏನು ಬದಲಾದರೆ ಕೆಲಸ ಆಯಿತೆನ್ನಬಹುದು ಎಂಬುದನ್ನು ಬರೆಯಿರಿ. ಕಾಡಿನೊಳಗಿನ ಕೆಲಸಕ್ಕೆ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಅವರ ಲಿಖಿತ ಒಪ್ಪಿಗೆ ಬೇಕೇ ಬೇಕು. ಸಮೀಕ್ಷೆಯ ಮಾಹಿತಿ ಯಾರಿಗೆ ಸೇರಿದ್ದು, ಕಂಪನಿಗೆ ಹಿತವಲ್ಲದ ಫಲಿತಾಂಶ ಬಂದರೂ ಪ್ರಕಟಿಸಬಹುದೇ ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಕೇಳಲು ಸಂಕೋಚವಾಗುವ ಮಾತೇ ಇದು, ಹಣ ಬಂದ ಮೇಲೆ ಕೇಳುವುದು ಇನ್ನೂ ಕಷ್ಟ.

ಹಣ ನಿಜವಾಗಿ ಖರ್ಚಾಗಿದೆಯೇ ಎಂದು ಪರಿಶೀಲಿಸಬಹುದೇ?

ಕಂಪನಿಯ ವಾರ್ಷಿಕ ವರದಿಯ ಸಿಎಸ್‌ಆರ್ ಅನುಬಂಧದಲ್ಲಿ ಆ ವರ್ಷದ ಸಿಎಸ್‌ಆರ್ ಬಾಧ್ಯತೆ ಮತ್ತು ಖರ್ಚಿನ ಮೊತ್ತ ಇರಬೇಕು. ಸರಾಸರಿ ಸಿಎಸ್‌ಆರ್ ಬಾಧ್ಯತೆ 10 ಕೋಟಿ ರೂಪಾಯಿ ಅಥವಾ ಹೆಚ್ಚಿರುವ ಕಂಪನಿಯು, 1 ಕೋಟಿ ಅಥವಾ ಹೆಚ್ಚು ವೆಚ್ಚದ ಯೋಜನೆ ಮುಗಿದು ವರ್ಷ ಕಳೆದ ಮೇಲೆ ಸ್ವತಂತ್ರ ಸಂಸ್ಥೆಯಿಂದ ಪರಿಣಾಮದ ಮೌಲ್ಯಮಾಪನ ಮಾಡಿಸಬೇಕು. ಸರ್ಕಾರಿ ಕಂಪನಿಗಳಿಂದ ಮಾಹಿತಿ ಹಕ್ಕಿನಡಿಯೂ ವಿವರ ಕೇಳಬಹುದು.

ಒಂದೆಡೆ ಕಾಡು ಕಳೆಯುವ ಯೋಜನೆ, ಇನ್ನೊಂದೆಡೆ ಸಂರಕ್ಷಣೆಗೆ ಹಣ. ಇದನ್ನು ಸ್ವೀಕರಿಸಬಹುದೇ?

ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ ಪ್ರಸ್ತಾಪವಾದ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವ) ಯೋಜನೆಯ ಚರ್ಚೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಸಿಂಗಳೀಕವು ಮರದಿಂದ ಮರಕ್ಕೆ ಸಾಗುವ, ನಿತ್ಯಹರಿದ್ವರ್ಣ ಕಾಡನ್ನೇ ನಂಬಿದ ಪ್ರಾಣಿ; ಮೇಲ್ಛಾವಣಿ ತುಂಡಾದ ಜಾಗದಲ್ಲಿ ಅದಕ್ಕೆ ಹಣದಿಂದ ಪರಿಹಾರ ಕೊಡಲಾಗದು. ಪಾಲುದಾರ ಸಂಘವು ಹಣ ಪಡೆದರೂ ಯೋಜನೆಯ ಬಗ್ಗೆ ತನ್ನ ನಿಲುವನ್ನು ಸಾರ್ವಜನಿಕ ಅಹವಾಲು ಸಭೆಯಲ್ಲಿ ಹೇಳುವ ಸ್ವಾತಂತ್ರ್ಯ ಉಳಿಸಿಕೊಳ್ಳುವುದು ಅಗತ್ಯ. ಆ ಸ್ವಾತಂತ್ರ್ಯಕ್ಕೆ ಅಡ್ಡಿಯಾಗುವ ಷರತ್ತಿದ್ದರೆ ಹಣವನ್ನು ನಿರಾಕರಿಸಬೇಕು.

ಕಾಡಂಚಿನಲ್ಲಿ ತಂತಿ ಜೋತುಬಿದ್ದಿದೆ. ಈಗಲೇ ಯಾರಿಗೆ ತಿಳಿಸಬೇಕು?

ಎಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಅರಣ್ಯ ಇಲಾಖೆಯ 1926ಕ್ಕೂ ತಿಳಿಸಿ. ಕಂಬದ ಮೇಲಿನ ಸಂಖ್ಯೆ, ಹತ್ತಿರದ ಟಿ.ಸಿ. ಇರುವ ಜಾಗ, ತಂತಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬ ಅಂದಾಜು ಹೇಳಿದರೆ ಲೈನ್‌ಮನ್ ಬೇಗ ತಲುಪುತ್ತಾರೆ. ದೂರದಿಂದಲೇ ಫೋಟೊ ತೆಗೆದು, ಶಾಖಾಧಿಕಾರಿಗೂ ವಲಯ ಅರಣ್ಯಾಧಿಕಾರಿಗೂ ಒಂದೇ ಪತ್ರದಲ್ಲಿ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ತಂತಿಯ ಹತ್ತಿರ ನೀವು ಹೋಗಬೇಡಿ, ದನಕರುಗಳನ್ನೂ ಬಿಡಬೇಡಿ.